ತರಂಗ ಸಿದ್ಧಾಂತವನ್ನೇ ಹಿಡಿದು ಅಮೆರಿಕದಲ್ಲಿ ಪ್ರಾಧ್ಯಾಪಕರಾಗಬಹುದೇ?

ವಿದ್ಯುತ್ಕಾಂತೀಯ ತರಂಗ ಸಿದ್ಧಾಂತದಲ್ಲಿ ಪಿಎಚ್.ಡಿ. ಮುಗಿಸಿ ಈಚೆಗಷ್ಟೇ ಅಮೆರಿಕಕ್ಕೆ ಬಂದಿರುವ ನೀವು, ಇದೇ ವಿಷಯವನ್ನು ನಂಬಿಕೊಂಡು ಇಲ್ಲಿ ಪ್ರಾಧ್ಯಾಪಕರಾಗಲು ಸಾಧ್ಯವೇ, ಗ್ರೀನ್ ಕಾರ್ಡ್ ಇಲ್ಲದವರಿಗೆ ಸಂಶೋಧನೆಗೆ ಹಣ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಇಪ್ಪತ್ತು ವರ್ಷಗಳಿಂದ ಇಲ್ಲಿ ಇದೇ ವಿಷಯವನ್ನು ಕಲಿಸುತ್ತಿದ್ದೇನೆ; ಸಾಧ್ಯವಿದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ನಮ್ಮ ವಿಷಯ ಬೆಳೆಯುವ ವೇಗ ಬೇರೆ, ಇಲ್ಲಿನ ವಿಶ್ವವಿದ್ಯಾಲಯಗಳು ನಮ್ಮನ್ನು ಅಳೆಯುವ ವೇಗ ಬೇರೆ ಎಂಬುದನ್ನು ಮೊದಲ ವರ್ಷವೇ ಮನಗಾಣಬೇಕು.

ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ವಿದ್ಯುತ್ಕಾಂತೀಯ ತರಂಗಗಳ ಸಿದ್ಧಾಂತಕ್ಕೆ ಹರ್ಟ್ಸ್‌ನ ಪ್ರಯೋಗಗಳಿಂದ ಪುರಾವೆ ದೊರೆಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ತರಂಗಗಳು ಹರಡುವ ಬಗೆಯನ್ನು ಕಂಪ್ಯೂಟರ್‌ನಲ್ಲಿ ಹಂತಹಂತವಾಗಿ ಲೆಕ್ಕ ಹಾಕುವ, ಇಂದು ಎಫ್‌ಡಿಟಿಡಿ ಎಂಬ ಹೆಸರಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ವಿಧಾನವನ್ನು ಕೇನ್ ಯೀ 1966ರಲ್ಲೇ ಪ್ರಕಟಿಸಿದ್ದರೂ, ಅದಕ್ಕೆ ತಕ್ಕ ಕಂಪ್ಯೂಟರ್‌ಗಳು ಬರುವವರೆಗೆ ಅದರತ್ತ ಗಮನ ಹರಿಸಿದವರು ಕಡಿಮೆ. ಟೆನ್ಯೂರ್, ಅಂದರೆ ಕಾಯಂ ಹುದ್ದೆ, ನೀಡಬೇಕೋ ಬೇಡವೋ ಎಂಬ ತೀರ್ಮಾನವಾದರೋ ಸಾಮಾನ್ಯವಾಗಿ ಆರನೆಯ ವರ್ಷದಲ್ಲೇ ಆಗಿಬಿಡುತ್ತದೆ.

ಆ ಆರು ವರ್ಷಗಳು ಹೇಗೆ ಕಳೆಯುತ್ತವೆ ಎಂಬುದಕ್ಕೆ ಒಂದು ಅನುಭವ ಹೇಳುತ್ತೇನೆ. ಎರಡನೆಯ ವರ್ಷದಲ್ಲಿ, ನೆಲದ ಮೇಲಿಟ್ಟ ಸಣ್ಣ ಆಂಟೆನಾದ ಕ್ಷೇತ್ರ ಒಣಮಣ್ಣಿನೊಳಗೆ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಆಳಕ್ಕೆ ಹೋದಂತೆ ಕ್ಷೀಣಿಸಬೇಕಿದ್ದ ಕ್ಷೇತ್ರ ನನ್ನ ಪರದೆಯ ಮೇಲೆ ಬೆಳೆಯುತ್ತಲೇ ಹೋಗುತ್ತಿತ್ತು. ಮೂರು ವಾರ ಹುಡುಕಿದ ಮೇಲೆ ಗೊತ್ತಾಯಿತು: ಅನುಕಲನದೊಳಗಿನ ವರ್ಗಮೂಲಕ್ಕಿರುವ ಎರಡು ಬೆಲೆಗಳಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಸಿಕೊಂಡಿದ್ದು, ಕಾಲದೊಂದಿಗಿನ ಬದಲಾವಣೆಯನ್ನು ಬರೆಯಲು ನಾನು ಬಳಸಿದ್ದ ಪದ್ಧತಿಗೆ ಹೊಂದದ ಬೆಲೆಯನ್ನು. ತಿದ್ದಿದ್ದು ಒಂದೇ ಒಂದು ಋಣಚಿಹ್ನೆ. ಅಂದು ಕಲಿತದ್ದನ್ನು ಇಂದಿಗೂ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಆದರೆ ಆ ವರ್ಷದ ಸಾಧನೆಯ ವರದಿಯಲ್ಲಿ ಆ ಮೂರು ವಾರಗಳಿಗೆ ಜಾಗವಿರಲಿಲ್ಲ.

ನನ್ನನ್ನು ಉಳಿಸಿದ್ದು, ಭೂಮಿಯೊಳಗಿನ ವಸ್ತುಗಳನ್ನು ರೇಡಾರ್‌ನಿಂದ ಪತ್ತೆಹಚ್ಚುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ಅದೇ ಲೆಕ್ಕ ಬೇಕಾಗಿದ್ದದ್ದು. ಅವರ ಅಳತೆಗಳು, ನನ್ನ ಸಮೀಕರಣಗಳು ಒಟ್ಟಿಗೆ ಸೇರಿದಾಗ ಲೇಖನಗಳೂ ಬಂದವು, ಅನುದಾನವೂ ಬಂತು. ಆದ್ದರಿಂದ ಹತ್ತು ವರ್ಷ ಬೇಡುವ ನಿಮ್ಮ ಪ್ರಶ್ನೆಯನ್ನು ಖಂಡಿತ ಬಿಡಬೇಡಿ, ಆದರೆ ಅದರ ಪಕ್ಕದಲ್ಲೇ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದಾದ ಇನ್ನೊಂದನ್ನು ಇಟ್ಟುಕೊಳ್ಳಿ. ಗೋಡೆಗಳ ತುಂಬ ರೇಡಿಯೊ ತರಂಗಗಳನ್ನು ಹೀರಿಕೊಳ್ಳುವ ಫೋಮ್ ಪಿರಮಿಡ್‌ಗಳಿರುವ ಪ್ರತಿಧ್ವನಿರಹಿತ ಕೋಣೆಯಲ್ಲಿ ಒಂದಿಡೀ ದಿನ ನಿಂತು, ಕೇಬಲ್ ಸ್ವಲ್ಪ ಬಾಗಿದರೂ ಅಳತೆ ಬದಲಾಗುವುದನ್ನು ಕಣ್ಣಾರೆ ಕಂಡ ಸಿದ್ಧಾಂತಿಯ ಬರಹಕ್ಕೆ ಬೇರೆಯೇ ತೂಕವಿರುತ್ತದೆ.

ಹಣದ ವಿಷಯ. ಸಂಬಳ ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ. ಬೇಸಿಗೆಯ ಸಂಬಳವನ್ನೂ ವಿದ್ಯಾರ್ಥಿಗಳ ವೇತನವನ್ನೂ ಅನುದಾನದಿಂದ ಭರಿಸಬೇಕು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಐದು ವರ್ಷಗಳ ಕರಿಯರ್ ಅನುದಾನಕ್ಕೆ ಪೌರತ್ವದ ನಿಬಂಧನೆ ಇಲ್ಲ. ವಾಯುಪಡೆ ಮತ್ತು ನೌಕಾಪಡೆಗಳು ಯುವ ಸಂಶೋಧಕರಿಗೆ ಕೊಡುವ ಅನುದಾನಗಳಿಗೆ ಮಾತ್ರ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕೇ ಬೇಕು. ರೇಡಾರ್, ಆಂಟೆನಾಗಳ ಸಂಶೋಧನೆಗೆ ರಕ್ಷಣಾ ಇಲಾಖೆಯ ಹಣವೇ ಬಹುದೊಡ್ಡ ಆಧಾರವಾಗಿರುವುದರಿಂದ ಇದು ನಮ್ಮ ಕ್ಷೇತ್ರದವರನ್ನು ಹೆಚ್ಚು ಕಾಡುತ್ತದೆ. ಅಂಥ ಯೋಜನೆಗೆ ಯಾರಾದರೂ ಕರೆದರೆ, ಒಪ್ಪಿಕೊಳ್ಳುವ ಮೊದಲು ರಫ್ತು ನಿಯಂತ್ರಣವನ್ನು (ಸೂಕ್ಷ್ಮ ತಂತ್ರಜ್ಞಾನವನ್ನು ವಿದೇಶಿಯರೊಂದಿಗೆ ಹಂಚಿಕೊಳ್ಳುವುದರ ಮೇಲಿನ ನಿರ್ಬಂಧಗಳನ್ನು) ನೋಡಿಕೊಳ್ಳುವ ವಿಶ್ವವಿದ್ಯಾಲಯದ ಕಚೇರಿಯನ್ನು ವಿಚಾರಿಸಿ. ವಿಶ್ವವಿದ್ಯಾಲಯಗಳ ಎಚ್‌-1ಬಿ ವೀಸಾಗಳಿಗೆ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲವಾದ್ದರಿಂದ ಲಾಟರಿಯ ಆತಂಕವಂತೂ ನಿಮಗಿಲ್ಲ.

ಅರ್ಜಿ ಹಾಕುವಾಗ, ಮೊದಲ ಮೂರು ವರ್ಷಗಳೊಳಗೆ ಅಳತೆಯಿಂದ ಪರೀಕ್ಷಿಸಬಹುದಾದ ಒಂದು ಪ್ರಶ್ನೆಯನ್ನು ಸಂಶೋಧನಾ ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ. ಆಯ್ಕೆ ಸಮಿತಿಯಲ್ಲಿ ಕುಳಿತಾಗ ನಾನು ಮೊದಲು ಹುಡುಕುವುದು ಅದನ್ನೇ.