ಟೋಪಿಯಾಗುವ ಮೊದಲಿನ ಟೋಪಿ

ನಮಸ್ಕಾರ.

ನೀವು ಕಳಿಸಿದ ‘ಪನಾಮಾ ಟೋಪಿಯ ಪಯಣ’ವನ್ನು ಎರಡು ಸಲ ಓದಿದೆ. ನೇರವಾಗಿ ಹೇಳುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ನಾಲ್ಕನೇ ಪುಟದ ಒಂದೇ ಸಾಲಿನಲ್ಲಿ ಅಡಗಿ ಕೂತಿದೆ.

‘ಎಷ್ಟೋ ಟೋಪಿಗಳು ಪೂರ್ತಿಯಾಗುವ ಮೊದಲೇ ಹಡಗು ಹತ್ತುತ್ತವೆ.’ ಇಷ್ಟು ಬರೆದು ನೀವು ಮುಂದೆ ಹೋದಿರಿ. ನಾನು ಅಲ್ಲೇ ನಿಂತೆ. ಪೂರ್ತಿಯಾಗದ ಟೋಪಿ ನೋಡಲು ಹೇಗಿರುತ್ತದೆ? ಅದನ್ನು ಯಾರು ಕೊಳ್ಳುತ್ತಾರೆ? ಓದುವವರೂ ಇದನ್ನೇ ಕೇಳುತ್ತಾರೆ, ಅಲ್ವಾ?

ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. ಈ ಟೋಪಿ ಹುಟ್ಟಿದ್ದು ಪನಾಮಾದಲ್ಲಲ್ಲ, ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ. ಅಲ್ಲಿಂದ ಪನಾಮಾಕ್ಕೆ ಬಂದು ಮಾರಾಟವಾಗುತ್ತಿತ್ತು. 1849ರ ಹೊತ್ತಿಗೆ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟವರು ಆ ದಾರಿಯಲ್ಲಿ ಕೊಂಡರು. ಕೊಂಡ ಜಾಗದ ಹೆಸರೇ ಉಳಿಯಿತು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪನಾಮಾ ಕಾಲುವೆ ನೋಡಲು ಹೋದದ್ದು, ಆಮೇಲೆ ಸಿನಿಮಾ ನಟರು ತೊಟ್ಟದ್ದು, ಇದಕ್ಕೆಲ್ಲ ಮೂರು ಪುಟ ಜಾಸ್ತಿಯಾಯಿತು. ಎರಡು ಸಾಲು ಸಾಕು.

ಉಳಿದ ಜಾಗವನ್ನು ಹೆಣೆಯುವವರಿಗೆ ಕೊಡಿ. ಈ ಟೋಪಿ ಹೆಣೆಯುವುದು ಟೊಕಿಯಾ ಎಳೆಗಳಿಂದ. ಟೊಕಿಯಾ ನೋಡಲು ತಾಳೆಯಂಥ ಗಿಡ. ಈಕ್ವೆಡಾರ್‌ನ ಕರಾವಳಿಯಲ್ಲಿ ಅದರ ಎಳೆ ಸುಳಿ ಕೊಯ್ದು, ಸೀಳಿ, ಕುದಿಸಿ, ಒಣಗಿಸುತ್ತಾರೆ. ಬೆಟ್ಟದ ಮೇಲಿನ ಕ್ವೆಂಕಾ, ಸಿಗ್‌ಸಿಗ್ ಕಡೆ ಹೆಚ್ಚಾಗಿ ಹೆಂಗಸರು ಅದನ್ನು ನೆತ್ತಿಯಿಂದ ಶುರುಮಾಡಿ ಸುತ್ತ ಹೆಣೆಯುತ್ತಾರೆ. ಮನೆಯಿಂದ ಹೊರಡುವಾಗ ಅಂಚಿನ ತುಂಬ ಎಳೆಗಳು ಗಡ್ಡದ ಹಾಗೆ ಜೋತಾಡುತ್ತಿರುತ್ತವೆ. ಆಮೇಲೆ ಕಾರ್ಖಾನೆಯಲ್ಲಿ ಆ ಎಳೆಗಳನ್ನು ಎಳೆದು ಬಿಗಿ ಮಾಡಿ, ಕತ್ತರಿಸಿ, ತೊಳೆದು, ಬಿಳುಪು ಮಾಡುತ್ತಾರೆ. ಆಗಲೂ ಅದು ಗಂಟೆಯ ಆಕಾರದ ಮೆತ್ತನೆ ಹೆಣಿಗೆ ಅಷ್ಟೇ. ಒಂದರೊಳಗೊಂದು ಕೂರಿಸಿ ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿ ಟೋಪಿ ಮಾಡುವವರು ಹಬೆ ಹಿಡಿದು, ಮರದ ಅಚ್ಚಿಗೆ ಎಳೆದು ಕೂರಿಸಿ, ಒಳಪಟ್ಟಿ ಮತ್ತು ರಿಬ್ಬನ್ ಹೊಲಿದು, ತಮ್ಮ ಅಂಗಡಿಯ ಹೆಸರು ಹಾಕುತ್ತಾರೆ. ಅದೇ ಹೆಣಿಗೆ ಒಬ್ಬರ ಕೈಯಲ್ಲಿ ನೆತ್ತಿ ಮಡಿಕೆಯ ಫೆಡೋರಾ ಟೋಪಿ ಆಗುತ್ತದೆ. ಇನ್ನೊಬ್ಬರ ಕೈಯಲ್ಲಿ ಕುದುರೆ ರೇಸಿಗೆ ಹೋಗುವ ಹೆಂಗಸಿನ ಅಗಲ ಟೋಪಿಯಾಗುತ್ತದೆ.

ಕಸ್ಟಮ್ಸ್‌ನವರೂ ಬರೀ ಹೆಣಿಗೆಯನ್ನೂ ಸಿದ್ಧ ಟೋಪಿಯನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ, ಒಂದೊಂದಕ್ಕೆ ಒಂದೊಂದು ಸರಕು ಸಂಖ್ಯೆ. ಅಚ್ಚಿಗೆ ಹಾಕದ, ಅಂಚು ರೂಪಿಸದ, ಲೈನಿಂಗ್ ಅಲಂಕಾರ ಯಾವುದೂ ಇಲ್ಲದ ಹೆಣಿಗೆಗೆ 6502. ಹೆಣೆದ ಸಿದ್ಧ ಟೋಪಿಗೆ 6504. ಈ ಎರಡು ಸಂಖ್ಯೆಗಳ ನಡುವೆ ಬೆಲೆ ಎಷ್ಟು ಏರುತ್ತದೆ, ಯಾರ ಕೈಗೆ ಎಷ್ಟು ಹೋಗುತ್ತದೆ ಎಂದು ವಿಚಾರಿಸಿ ಬರೆಯಿರಿ. 2012ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಈಕ್ವೆಡಾರ್‌ನ ಹೆಣೆಯುವ ವಿದ್ಯೆಯನ್ನು. ಆದರೆ ಅಂಗಡಿಯಲ್ಲಿ ಕಾಣುವುದು ಟೋಪಿ ಮುಗಿಸಿದವರ ಹೆಸರು. ನನಗೆ ನೋವಾಗುವುದು ಇಲ್ಲಿ. ನಿಮ್ಮ ಲೇಖನದಲ್ಲೂ ಹಾಗೇ ಆಗಿದೆ. ಹೆಣೆದವರಿಗೆ ಸಿಕ್ಕಿದ್ದು ‘ಅದ್ಭುತ ಕೈಚಳಕ’ ಎಂಬ ಎರಡು ಪದ. ಅದನ್ನು ತೆಗೆಯಿರಿ. ಸುಮ್ನೆ ಹೊಗಳಿದರೆ ಕೈ ಕಾಣುವುದಿಲ್ಲ.

ನಿಮ್ಮ ಅಜ್ಜಿ ಓಲೆ ಚಾಪೆ ಹೆಣೆಯುತ್ತಿದ್ದರು ಎಂದು ಪತ್ರದಲ್ಲಿ ಬರೆದಿದ್ದೀರಿ. ಅಂಚು ಮಡಚಿ ಮುಗಿಸುವಾಗ ಅವರ ಬೆರಳು ಹೇಗೆ ಓಡುತ್ತಿತ್ತು ಎಂದು ನೆನಪಿಸಿಕೊಳ್ಳಿ. ಅಜ್ಜಿಯನ್ನು ಲೇಖನಕ್ಕೆ ಎಳೆದು ತರಬೇಡಿ. ಆ ಕಣ್ಣಿನಿಂದ ಬರೆಯಿರಿ, ಅಷ್ಟೇ.

ಎಂಟುನೂರು ಪದ ಸಾಕು. ಗಡ್ಡ ಬಿಟ್ಟ ಆ ಟೋಪಿಯಿಂದಲೇ ಶುರುಮಾಡಿ. ಮುಂದಿನ ತಿಂಗಳ 10ರೊಳಗೆ ಕಳಿಸಿ, ಬಂದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ