ಹುಲ್ಲಿನ ರನ್‌ವೇಗೆ ಪಾಲೋ, ಕ್ಲಬ್ಬೋ?

ಅಮೆರಿಕದ ಬಾಯ್ಸಿಯಲ್ಲಿದ್ದೀರಿ, ಐಡಾಹೋ ರಾಜ್ಯದ ಬೆಟ್ಟಗಳಲ್ಲಿ ವಿಮಾನ ಇಳಿಸುವ ಆಸೆ. ನಾಲ್ವರು ಪಾಲು ಹಾಕಿ ಹಳೇ ಸೆಸ್ನಾ 182 ಎಂಬ ಪುಟ್ಟ ವಿಮಾನ ಕೊಳ್ಳಲೋ, ಚಂದಾ ಕಟ್ಟಿ ಕ್ಲಬ್ಬಿನ ವಿಮಾನ ಹಾರಿಸುವ ಫ್ಲೈಯಿಂಗ್ ಕ್ಲಬ್ ಸೇರಲೋ ಅಂತ ಕೇಳಿದ್ದೀರಿ. ಮೊದಲು ಕ್ಲಬ್ಬಿನ ಇನ್ಶೂರೆನ್ಸ್ ಕಾಗದ ಓದಿ. ಎಷ್ಟೋ ಕ್ಲಬ್‌ಗಳು ಡಾಂಬರಿಲ್ಲದ ಕಡೆ ಇಳಿಯಲು ಬಿಡುವುದಿಲ್ಲ. ಸುಮಾರು 4,900 ಅಡಿ ಎತ್ತರದ ಜಾನ್ಸನ್ ಕ್ರೀಕ್ ಎಂಬ ಬೆಟ್ಟದ ರನ್‌ವೇಯ ಹುಲ್ಲಿಗೇ ಹೋಗಲಾಗದಿದ್ದರೆ ಸುಮ್ನೆ ಚಂದಾ ಯಾಕೆ, ಅಲ್ವಾ?

ಪಾಲಿನಲ್ಲಿ ಕೊಂಡರೆ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು) ಬಾಡಿಗೆ, ಇನ್ಶೂರೆನ್ಸ್, ವರ್ಷದ ತಪಾಸಣೆಯ ಖರ್ಚು ನಾಲ್ಕು ಭಾಗವಾಗುತ್ತದೆ. ಇಂಧನ ಹಾರಿಸಿದವರದು. ಜಗಳ ಜಾಸ್ತಿ ಹುಟ್ಟುವುದು ಪ್ರೊಪೆಲರ್ ವಿಷಯದಲ್ಲಿ. ಜಲ್ಲಿಕಲ್ಲು ಸಿಡಿದು ಅಂಚಿನಲ್ಲಿ ಚಕ್ಕೆ ಎದ್ದರೆ ದುಡ್ಡು ಯಾರದು? ಒಬ್ಬರು ಬಿಟ್ಟುಹೋದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ? ಎರಡನ್ನೂ ಕೊಳ್ಳುವ ಮೊದಲೇ ಬರೆದಿಡಿ. ಉಳಿದ ಮೂವರೂ ಡಾಂಬರಿನ ಮೇಲಷ್ಟೇ ಇಳಿಯುವವರಾಗಿದ್ದರೆ, ನಾನಾಗಿದ್ದರೆ ಸೇರುತ್ತಿರಲಿಲ್ಲ.