ಕೊಂಡುಕುರಿಗೆ ಡ್ರೋನ್ ಬೇಡ, ಟ್ರ್ಯಾಪ್ ಕ್ಯಾಮೆರಾ ಕಟ್ಟಿ

ಅಲಾಸ್ಕಾದಲ್ಲಿ ಕಡಲಸಿಂಹಗಳನ್ನು ಡ್ರೋನಿನಿಂದ ಎಣಿಸುವ ಹಾಗೆ ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ, ಜಿಂಕೆಯಂಥ ಸಣ್ಣ ಕಾಡುಪ್ರಾಣಿ) ಎಣಿಸಬಹುದೇ ಎಂದು ಕೇಳಿದ್ದೀರಿ. ಆಗೋದಿಲ್ಲ. ಕಡಲಸಿಂಹ ಜೂನ್ ಆಸುಪಾಸಿನಲ್ಲಿ ಮರಿ ಹಾಕಲು ಬಯಲು ಬಂಡೆ ಮೇಲೆ ಹಿಂಡುಹಿಂಡಾಗಿ ಬಿದ್ದಿರುತ್ತೆ. ಕೊಂಡುಕುರಿ ಒಂಟಿಯಾಗಿಯೋ ಜೋಡಿಯಾಗಿಯೋ ಕುರುಚಲಲ್ಲಿ ಅಡಗಿರುತ್ತೆ.

ಆದರೆ ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ. ಆ ಗುಡ್ಡೆಯಿಂದ 3-4 ಮೀಟರ್ ದೂರದ ಮರಕ್ಕೆ, ನೆಲದಿಂದ 40-45 ಸೆಂ.ಮೀ. ಎತ್ತರದಲ್ಲಿ ಟ್ರ್ಯಾಪ್ ಕ್ಯಾಮೆರಾ (ಎದುರಿಗೆ ಪ್ರಾಣಿ ಬಂದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಕಟ್ಟಿ. ಮುಖ ಉತ್ತರಕ್ಕಿರಲಿ; ಪೂರ್ವಕ್ಕೋ ಪಶ್ಚಿಮಕ್ಕೋ ಇಟ್ಟರೆ ಬಿಸಿಲು ಹೊಡೆದು ಚಿತ್ರ ಬೆಳ್ಳಗಾಗುತ್ತೆ. ಎದುರಿನ ಹುಲ್ಲು ಸವರಿ, ಇಲ್ಲದಿದ್ದರೆ ಕಾದ ಹುಲ್ಲು ಗಾಳಿಗೆ ಆಡಿದಾಗೆಲ್ಲ ಕ್ಲಿಕ್ ಆಗಿ ಕಾರ್ಡ್ ತುಂಬುತ್ತೆ. ಏಪ್ರಿಲ್ ಮಧ್ಯಾಹ್ನ ಏನೂ ಸಿಗಲಿಲ್ಲ ಅಂತ ಪ್ರಾಣಿಯೇ ಇಲ್ಲ ಅನ್ನಬೇಡಿ. ಸೆನ್ಸರ್ ಹಿಡಿಯೋದು ಮೈಯ ಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ನಮ್ಮ ಕಡೆ ಕಾದ ಬಂಡೆ ಮುಂದೆ ಆ ವ್ಯತ್ಯಾಸವೇ ಉಳಿಯಲ್ಲ.

ಹುಲಿಯ ಹಾಗೆ ಗುರುತಿಸಲು ಪಟ್ಟೆ ಇಲ್ಲ, ಹಾಗಾಗಿ 30 ಚಿತ್ರ ಅಂದರೆ 30 ಪ್ರಾಣಿ ಅಲ್ಲ. ಕೊಂಬು ಗಂಡಿಗೆ ಮಾತ್ರ, ಹಾಗಾಗಿ ಕೊಂಬು ಕಂಡರೆ ಅದು ಗಂಡು. ಆರೋಗ್ಯಕ್ಕೆ ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಾ ನೋಡಿ. ಗುಡ್ಡೆ ಪಕ್ಕ 10 ಸೆಂ.ಮೀ.ಗೊಂದು ಗೆರೆ ಎಳೆದ ಕೋಲು ನಿಲ್ಲಿಸಿ ಒಂದು ಚಿತ್ರ ತೆಗೆದಿಟ್ಟುಕೊಂಡು, ಪ್ರಾಣಿಯ ಚಿತ್ರವನ್ನು ಅದಕ್ಕೆ ಹೋಲಿಸಿದರೆ ಭುಜದೆತ್ತರವೂ ಸಿಗುತ್ತೆ. ಅಂದಹಾಗೆ, ರಂಗಯ್ಯನದುರ್ಗ ಅಭಯಾರಣ್ಯ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು ಪಡೆಯಿರಿ.